ಆಫರ್ ಲೆಟರ್‌ಗಿಂತ ಮೊದಲು ರೋಸ್ಟರ್ ಓದಿ

ಆಫರ್ ಲೆಟರ್ ಕೈಗೆ ಬಂದರೆ ಹೆಚ್ಚಿನ ಪೈಲಟ್‌ಗಳ ಕಣ್ಣು ಮೊದಲು ಹೋಗುವುದು ಸಂಬಳದ ಸಾಲಿಗೆ. ನನ್ನನ್ನು ಕೇಳಿದರೆ, ನೀವು ಸೇರಲಿರುವ ಬೇಸ್‌ನಲ್ಲಿ (ಪೈಲಟ್‌ಗಳನ್ನು ನೇಮಿಸುವ ಊರಿನ ನೆಲೆಯಲ್ಲಿ) ಎಷ್ಟು ಕ್ಯಾಪ್ಟನ್‌ಗಳಿದ್ದಾರೆ, ಎಷ್ಟು ಫಸ್ಟ್ ಆಫೀಸರ್‌ಗಳು, ಅಂದರೆ ಸಹ ಪೈಲಟ್‌ಗಳು, ಇದ್ದಾರೆ ಎಂದು ಮೊದಲು ವಿಚಾರಿಸಿಕೊಳ್ಳಿ.

ಹೀಗೆ ಹೇಳಲು ಕಾರಣ ಕೋಯಿಕ್ಕೋಡ್ ಅಪಘಾತದ ತನಿಖಾ ವರದಿ. 2020ರ ಆಗಸ್ಟ್ 7ರ ಸಂಜೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 1344 ಮಳೆಯಲ್ಲಿ, ಹಿಂಗಾಳಿ ಬೀಸುತ್ತಿರುವಾಗ, ಅರ್ಧ ರನ್‌ವೇ ಕಳೆದ ಮೇಲೆ ನೆಲ ಮುಟ್ಟಿತು. ಗುಡ್ಡದ ಮೇಲಿನ ಆ ಟೇಬಲ್‌ಟಾಪ್ ರನ್‌ವೇಯ ಅಂಚು ದಾಟಿ ಕೆಳಕ್ಕೆ ಬಿತ್ತು. 21 ಜನ ತೀರಿಕೊಂಡರು, ಇಬ್ಬರು ಪೈಲಟ್‌ಗಳೂ ಸೇರಿ. ಕ್ಯಾಪ್ಟನ್ ಕಡೆಯ ವೈಪರ್ ಸರಿಯಾಗಿ ಓಡುತ್ತಿರಲಿಲ್ಲ. ಪಕ್ಕದಲ್ಲಿದ್ದ ಫಸ್ಟ್ ಆಫೀಸರ್ ಗೋ-ಅರೌಂಡ್ (ಇಳಿಯದೆ ಮತ್ತೆ ಮೇಲೇರಿ) ಎಂದಿದ್ದರು. ಹಾಗಿದ್ದರೂ ಅಲ್ಲೇ ಇಳಿಯುವ ಹಟ ಎಲ್ಲಿಂದ ಬಂತು? ಮರುದಿನ ಬೆಳಗಿನ ಹಾರಾಟಕ್ಕೂ ಅದೇ ಕ್ಯಾಪ್ಟನ್ ಬೇಕಿತ್ತು ಎನ್ನುತ್ತದೆ ವರದಿ. ಆ ಬೇಸ್‌ನಲ್ಲಿ 26 ಫಸ್ಟ್ ಆಫೀಸರ್‌ಗಳಿಗೆ ಇದ್ದದ್ದು ಒಬ್ಬನೇ ಕ್ಯಾಪ್ಟನ್. ಇದು ಎಚ್‌ಆರ್ ನೀತಿಯ ದೋಷ ಎಂದೇ ವರದಿ ಬರೆದಿದೆ. ಕಂಪನಿ ಕಲ್ಚರ್ ಎಂದರೆ ಗೋಡೆಗೆ ಅಂಟಿಸಿದ ಪೋಸ್ಟರ್ ಅಲ್ಲ. ಆಫೀಸಿನ ಪೋಸ್ಟಿಂಗ್ ಪಟ್ಟಿ ರನ್‌ವೇಯತ್ತ ಇಳಿಯುವ ಅಪ್ರೋಚ್‌ನ ಕೊನೆಯ ನಿಮಿಷದವರೆಗೂ ಬೆನ್ನು ಹತ್ತಿ ಬರುತ್ತದೆ.

ಆದ್ದರಿಂದ ಆ ಕಂಪನಿಯಲ್ಲಿ ಹಾರುತ್ತಿರುವ ಪರಿಚಯದವರಿಂದ ಮೂರು ತಿಂಗಳ ರೋಸ್ಟರ್ (ಯಾವ ದಿನ ಯಾವ ಡ್ಯೂಟಿ ಎಂಬ ಪಟ್ಟಿ) ತರಿಸಿಕೊಳ್ಳಿ. ತಿಂಗಳ ಆರಂಭದಲ್ಲಿ ಪ್ರಕಟವಾದದ್ದು ಒಂದು, ನಿಜವಾಗಿ ಹಾರಿದ್ದು ಇನ್ನೊಂದು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎಷ್ಟು ಡ್ಯೂಟಿ ಬದಲಾಗಿದೆ? ರಜೆಯ ದಿನ ಎಷ್ಟು ಸಲ ಫೋನ್ ಬಂದಿದೆ? ಸ್ಟ್ಯಾಂಡ್‌ಬೈ ಎಷ್ಟು ಸಲ ಹಾರಾಟವಾಗಿದೆ? ತಿಂಗಳಿಗೆ ಒಂದೆರಡು ಬದಲಾವಣೆ ಎಲ್ಲ ಕಡೆಯೂ ಇದ್ದದ್ದೇ, ಹವಾಮಾನ ಯಾರ ಮಾತನ್ನೂ ಕೇಳುವುದಿಲ್ಲ. ವಾರಕ್ಕೆರಡು ಸಲ ಬದಲಾಗುತ್ತಿದ್ದರೆ ಅಲ್ಲಿ ಜನ ಸಾಲುತ್ತಿಲ್ಲ. ಇಂಟರ್‌ವ್ಯೂನಲ್ಲಿ ಯಾರಾದರೂ 48 ಗಂಟೆಯ ವಾರದ ವಿಶ್ರಾಂತಿಯನ್ನು ತಮ್ಮ ಕೊಡುಗೆ ಎಂಬಂತೆ ಹೇಳಿದರೆ, 2025ರ ಜುಲೈಯಿಂದ ಅದು ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯ ನಿಯಮ ಎಂಬುದು ನೆನಪಿರಲಿ.

ಎರಡನೆಯದಾಗಿ, ಗೋ-ಅರೌಂಡ್ ಮಾಡಿ ಬಂದವರಿಗೆ ಮರುದಿನ ಏನಾಗುತ್ತದೆ ಎಂದು ಕೇಳಿ. ರಿಪೋರ್ಟ್ ಬರೆದು ಸುಮ್ಮನಾದರೆ ಸರಿ. ಚೀಫ್ ಪೈಲಟ್ ಕೋಣೆಗೆ ಕರೆ ಬರುತ್ತದೆ, ಇಂಧನ ಎಷ್ಟು ಸುಟ್ಟಿತು ಎಂದು ಕೇಳುತ್ತಾರೆ ಎನ್ನುವುದಾದರೆ ಅಲ್ಲಿಗೆ ಹೋಗಬೇಡಿ, ಸಂಬಳ ಎಷ್ಟೇ ಇರಲಿ. ಎಡಗಡೆ ಕೂತ ಕ್ಯಾಪ್ಟನ್‌ಗೆ ಬಲಗಡೆಯ ಫಸ್ಟ್ ಆಫೀಸರ್‌ರ ಮಾತು ಕೇಳಿಸಿಕೊಳ್ಳುವ ಅಭ್ಯಾಸ ಇದೆಯೇ ಎಂಬುದು ಕಿರಿಯ ಫಸ್ಟ್ ಆಫೀಸರ್‌ಗಳ ಉತ್ತರದಲ್ಲಿ ಗೊತ್ತಾಗುತ್ತದೆ. 2010ರ ಮೇ 22ರಂದು ಮಂಗಳೂರಿನ ವಿಮಾನ ಅಪಘಾತದಲ್ಲೂ ಫಸ್ಟ್ ಆಫೀಸರ್ ಮೂರು ಸಲ ಗೋ-ಅರೌಂಡ್ ಎಂದರು, ಕ್ಯಾಪ್ಟನ್ ಕೇಳಲಿಲ್ಲ. 158 ಜನ ಹೋದರು.

ಸಂಬಳದಲ್ಲಿ ನೋಡಬೇಕಾದದ್ದು ಗ್ಯಾರಂಟಿ ಗಂಟೆ. 70 ಗಂಟೆಗೆ ಗ್ಯಾರಂಟಿ ಇದ್ದರೆ ನೀವು 50 ಹಾರಿದರೂ 70ರ ದುಡ್ಡು. ಗ್ಯಾರಂಟಿ 40 ಆಗಿ, ಗಂಟೆಯ ದರ ಮಾತ್ರ ಜಾಸ್ತಿ ಇದ್ದರೆ ಹಾರಾಟ ಕಡಿಮೆಯಾಗುವ ಮಳೆಗಾಲದ ತಿಂಗಳಲ್ಲಿ ಸಾಲದ ಕಂತು ಕಟ್ಟುವುದು ಕಷ್ಟ. ಬಾಂಡ್ (ಅವಧಿಗೆ ಮೊದಲೇ ಬಿಟ್ಟರೆ ಹಣ ಕಟ್ಟುವ ಕರಾರು) ಇದ್ದರೆ ಅದರ ಎಣಿಕೆ ಸೇರಿದ ದಿನದಿಂದಲೋ, ಲೈನ್ ರಿಲೀಸ್ ಆದ (ತರಬೇತಿ ಮುಗಿದು ನಿಯಮಿತ ಹಾರಾಟಕ್ಕೆ ಬಿಟ್ಟ) ದಿನದಿಂದಲೋ, ಮೊತ್ತ ತಿಂಗಳು ತಿಂಗಳು ಕರಗುತ್ತದೋ ಇಲ್ಲವೋ, ಬರಹದಲ್ಲಿ ಪಡೆಯಿರಿ.

ಫಸ್ಟ್ ಆಫೀಸರ್‌ಗಳಿಗೆ ಒಂದು ಮಾತು. ಎ320 ಬಿಟ್ಟು ದೊಡ್ಡ ವಿಮಾನಕ್ಕೆ ಹೋಗುವ ಆಸೆ ಸಹಜ. ಆದರೆ ಹೊಸ ಕಡೆ ಸೀನಿಯಾರಿಟಿ ಸಾಮಾನ್ಯವಾಗಿ ಸೊನ್ನೆಯಿಂದ ಶುರು. ದೂರದ ಹಾರಾಟದಲ್ಲಿ ಗಂಟೆಗಳು ಬೇಗ ತುಂಬುತ್ತವೆ, ಲ್ಯಾಂಡಿಂಗ್‌ಗಳು ತುಂಬುವುದಿಲ್ಲ. ಕಮಾಂಡ್ (ಕ್ಯಾಪ್ಟನ್ ಹುದ್ದೆ) ಎರಡು ವರ್ಷದಲ್ಲಿ ಬರುವಂತಿದ್ದರೆ ಅದನ್ನು ಮುಗಿಸಿಕೊಂಡೇ ಹೊರಡುವುದು ಲೇಸು.

ಇನ್ನು ನೋಟಿಸ್. 2017ರ ಡಿಜಿಸಿಎ ನಿಯಮದ ಪ್ರಕಾರ ಕ್ಯಾಪ್ಟನ್‌ಗೆ 12 ತಿಂಗಳು, ಫಸ್ಟ್ ಆಫೀಸರ್‌ಗೆ 6 ತಿಂಗಳು. ಹಳೆಯ ಕಂಪನಿಯ ಎನ್‌ಒಸಿ ಇಲ್ಲದೆ ಹೊಸಬರು ಸೇರಿಸಿಕೊಳ್ಳುವಂತಿಲ್ಲ. ಕಂಪನಿ ಒಪ್ಪಿ ಎನ್‌ಒಸಿ ಕೊಟ್ಟರೆ ಮೊದಲೇ ಹೊರಡಬಹುದು. ನೋಟಿಸ್ ಅವಧಿಯಲ್ಲಿ ಕಂಪನಿ ಸಂಬಳ ಕಡಿತ ಮಾಡಿದರೆ ಅಥವಾ ಷರತ್ತುಗಳನ್ನು ನಿಮಗೆ ನಷ್ಟವಾಗುವಂತೆ ಬದಲಿಸಿದರೆ, ಬೇಗ ಬಿಡುಗಡೆ ಕೇಳುವ ಹಕ್ಕು ಅದೇ ನಿಯಮದಲ್ಲಿದೆ. ಹಾಗಾದಾಗ ಸಂಬಳದ ಸ್ಲಿಪ್, ಬಂದ ಇಮೇಲ್ ಎರಡನ್ನೂ ಆ ದಿನವೇ ತೆಗೆದಿಡಿ.

ಹಳೆಯದು ಬಿಟ್ಟು ಹೊಸದು ಸೇರುವ ನಡುವಿನ ಅಂತರವನ್ನೂ ಲೆಕ್ಕ ಹಾಕಿ. 90 ದಿನದೊಳಗೆ ಮೂರು ಟೇಕಾಫ್, ಮೂರು ಲ್ಯಾಂಡಿಂಗ್ ಇಲ್ಲದಿದ್ದರೆ ರೀಸೆನ್ಸಿ (ಇತ್ತೀಚೆಗೆ ಹಾರಿದ ಅನುಭವದ ಅರ್ಹತೆ) ಹೋಗುತ್ತದೆ. ಮತ್ತೆ ಸಿಮ್ಯುಲೇಟರ್ ಹತ್ತಬೇಕು. ಆ ಖರ್ಚು ಯಾರದ್ದು ಎಂಬ ಸಾಲು ಆಫರ್ ಲೆಟರ್‌ನಲ್ಲಿ ಇಲ್ಲದಿದ್ದರೆ, ಸಹಿ ಹಾಕುವ ಮೊದಲೇ ಸೇರಿಸಲು ಹೇಳಿ.