“ಇವತ್ತು ಬೇಡ” ಎನ್ನುತ್ತಿದ್ದ ಡ್ರಿಲ್ ಮಾಸ್ಟ್ರು

ಕಳೆದ ಆಟಿ ತಿಂಗಳಲ್ಲಿ ನಮ್ಮ ಡ್ರಿಲ್ ಮಾಸ್ಟ್ರು ತೀರಿಕೊಂಡರು. ಶಾಲೆಯ ಅಮೃತ ಮಹೋತ್ಸವದ ಈ ಸಂಚಿಕೆಗೆ ಅವರ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ಸಂಪಾದಕರು ಕೇಳಿದಾಗ ಕೂಡಲೇ ಒಪ್ಪಿಕೊಂಡೆ. ಒಪ್ಪಲು ಇನ್ನೊಂದು ಕಾರಣವೂ ಉಂಟು. 800 ಮೀಟರ್ ಓಟದ ಶಾಲಾ ದಾಖಲೆ ಇಂದಿಗೂ ನನ್ನ ಹೆಸರಿನಲ್ಲಿಯೇ ಇದೆಯೆಂದು ಮೊನ್ನೆ ಕಚೇರಿಯ ಫಲಕ ನೋಡಿ ತಿಳಿಯಿತು. ಹತ್ತನೆಯ ತರಗತಿಯ ಬೀಜಗಣಿತದ ಒಂದು ಸೂತ್ರವೂ ಈಗ ನೆನಪಿಗೆ ಬರುವುದಿಲ್ಲ. ಆದರೆ ಮಾಸ್ಟ್ರು ನಮ್ಮನ್ನು ಜಗಲಿಯ ಮೇಲೆ ಕೂರಿಸಿ, ಮೊಣಕಾಲಿನಿಂದ ಕೆಳಗೆ ಮೂಳೆಯ ಉದ್ದಕ್ಕೂ ಹೆಬ್ಬೆರಳಿನಿಂದ ಒತ್ತುತ್ತ ಹೋಗಿ, ಎಲ್ಲೋ ಒಂದು ಕಡೆ ನಾವು ಮುಖ ಕಿವುಚಿದೊಡನೆ “ಇವತ್ತು ಬೇಡ ಮಾರಾಯ, ಕೂತ್ಕೋ” ಎನ್ನುತ್ತಿದ್ದುದು ಚೆನ್ನಾಗಿ ನೆನಪಿದೆ. ಮಕ್ಕಳನ್ನು ಓಡಿಸಿ ಪದಕ ತಂದ ಮಾಸ್ಟ್ರುಗಳು ಆಗಿನ ಅವಿಭಜಿತ ದಕ್ಷಿಣ ಕನ್ನಡದಲ್ಲಿ ಬೇಕಾದಷ್ಟು ಮಂದಿ ಇದ್ದರು. ಗೆಲ್ಲಬಹುದಾದ ಹುಡುಗನನ್ನು ಕೂಟದ ಹಿಂದಿನ ದಿನ ಕೈಬಿಡುವ ಧೈರ್ಯವಿದ್ದವರನ್ನು ನಾನು ಬೇರೆ ಕಂಡಿಲ್ಲ.

ನಾವು ಪ್ರೌಢಶಾಲೆಗೆ ಸೇರುವ ಹೊತ್ತಿಗೆ 1986ರ ಸೋಲ್ ಏಷ್ಯನ್ ಕ್ರೀಡಾಕೂಟ ಮುಗಿದಿತ್ತು. ಪಿ.ಟಿ. ಉಷಾ ಅಲ್ಲಿಂದ ನಾಲ್ಕು ಚಿನ್ನ ತಂದಿದ್ದರು; ಕೊಡಗಿನ ಅಶ್ವಿನಿ ನಾಚಪ್ಪ ಅವರ ಚಿತ್ರಗಳು ಪತ್ರಿಕೆಗಳಲ್ಲಿ ಬರುತ್ತಿದ್ದವು; ಮಲ್ಪೆ ಕಡಲಿಗೆ ಕೂಗಳತೆಯಲ್ಲಿದ್ದ ನಮ್ಮ ಊರಿನ ಮಕ್ಕಳೆಲ್ಲ ಬರಿಗಾಲಿನಲ್ಲಿ ಓಡತೊಡಗಿದ್ದರು. ಶಾಲೆಯ ಮೈದಾನವೋ ಮುರಕಲ್ಲಿನ ಗಟ್ಟಿ ನೆಲ. ಅಲ್ಲಿ ದಿನವೂ ಓಡಿದರೆ ಮೊಣಕಾಲ ಕೆಳಗಿನ ಮೂಳೆ ತಡೆಯದೆಂದು ಮಾಸ್ಟ್ರು ಮಳೆಗಾಲ ಕಳೆದ ಮೇಲೆ ನಮ್ಮನ್ನು ಕಡಲ ತಡಿಗೂ, ಕೊಯ್ಲು ಮುಗಿದ ಮೇಲೆ ಗದ್ದೆಗೂ ಕರೆದೊಯ್ಯುತ್ತಿದ್ದರು. ತಡಿಯಲ್ಲಿ ಎಷ್ಟು ದೂರ ಓಡಿದೆವೋ ಅಷ್ಟೇ ದೂರ ಅದೇ ದಾರಿಯಲ್ಲಿ ಓಡಿ ಹಿಂತಿರುಗಬೇಕೆಂಬುದು ಅವರ ಕಟ್ಟಪ್ಪಣೆ. ಮರಳು ನೀರಿನ ಕಡೆಗೆ ಇಳಿಜಾರಾಗಿರುವುದರಿಂದ ಒಂದೇ ದಿಕ್ಕಿಗೆ ಓಡಿದರೆ ಕಡಲ ಬದಿಯ ಕಾಲು ಯಾವಾಗಲೂ ತಗ್ಗಿನಲ್ಲಿ ಬಿದ್ದು, ಪಾದದಿಂದ ಸೊಂಟದವರೆಗೆ ಒಂದೇ ಬದಿಗೆ ಆಯಾಸವಾಗುತ್ತದೆ ಎಂಬ ಕಾರಣ ನಮಗೆ ಹೊಳೆದದ್ದು ಬಹಳ ತಡವಾಗಿ. ಆಗ ಅದು ಬರಿಯ ಹಟವೆಂದೇ ಎಣಿಸಿದ್ದೆವು. ಓಡುವವರು ನಡುವೆ ನೀರು ಕುಡಿಯಬಾರದೆಂಬ ನಂಬಿಕೆ ಬಲವಾಗಿದ್ದ ಕಾಲದಲ್ಲಿ ಅವರು ಪ್ರತಿಯೊಬ್ಬರೂ ಮನೆಯಿಂದ ಉಪ್ಪು ಹಾಕಿದ ಗಂಜಿ ತೆಳಿ ತರಬೇಕೆಂದು ಹೇಳುತ್ತಿದ್ದರು. ನಮ್ಮ ಕರಾವಳಿಯ ಸೆಕೆಯಲ್ಲಿ ಬೆವರು ಬರುತ್ತದೆಯೇ ಹೊರತು ಆರುವುದಿಲ್ಲ, ಅದು ಆರದೆ ಮೈ ತಣಿಯುವುದಿಲ್ಲ ಎಂಬುದನ್ನು ಅವರು ಅರಿತಿದ್ದರು.

ಕ್ರೀಡಾ ಕೊಠಡಿಯ ಬಾಗಿಲ ಪಕ್ಕದ ಗೋಡೆಯ ಮೇಲೆ ಪೆನ್ಸಿಲಿನ ಗೆರೆಗಳಿದ್ದವು. ಪರೀಕ್ಷೆ ಮುಗಿದಾಗಲೆಲ್ಲ ನಮ್ಮನ್ನು ಅಲ್ಲಿ ನಿಲ್ಲಿಸಿ ಎತ್ತರ ಗುರುತಿಸಿ, ಯಾರು ಹಠಾತ್ತನೆ ಬೆಳೆದಿದ್ದಾರೋ ಅವರ ಜಿಗಿತವನ್ನು ಅರ್ಧಕ್ಕರ್ಧ ಇಳಿಸುತ್ತಿದ್ದರು. ತ್ರಿವಿಧ ಜಿಗಿತದಲ್ಲಿ ಜಿಲ್ಲೆಗೆ ಹೋಗಬೇಕಾಗಿದ್ದ ನನ್ನ ಗೆಳೆಯನೊಬ್ಬ ಒಂಬತ್ತನೆಯ ತರಗತಿಯಲ್ಲಿ ಸರ್ರನೆ ಬೆಳೆದ. ಅವನ ಮಂಡಿಚಿಪ್ಪಿನ ಕೆಳಗೆ ನೋಯುವ ಗಂಟೊಂದು ಎದ್ದಿತು. ಅವನ ಅಜ್ಜಿ ಎಣ್ಣೆ ತಿಕ್ಕಿಸಲು ನಾಟಿ ವೈದ್ಯರ ಬಳಿಗೆ ಹೊರಟಿದ್ದರು. ಮಾಸ್ಟ್ರು ಮನೆಗೇ ಹೋಗಿ, ತಿಕ್ಕುವುದು ಬೇಡ, ಈ ವರ್ಷ ಹಾರುವುದೂ ಬೇಡ ಎಂದು ಹೇಳಿ ಬಂದರು. ಆ ವಯಸ್ಸಿನಲ್ಲಿ ಮೂಳೆ ಬೇಗ ಉದ್ದವಾಗುತ್ತದೆ, ಸ್ನಾಯು ಅದರ ಹಿಂದೆ ಉಳಿಯುತ್ತದೆ. ಹಾರಿದಾಗಲೆಲ್ಲ ತೊಡೆಯ ಸ್ನಾಯುವಿನ ಎಳೆತ ಮೊಣಕಾಲ ಕೆಳಗಿನ ಇನ್ನೂ ಬಲಿಯದ ಮೃದ್ವಸ್ಥಿಯ ಮೇಲೆ ಬೀಳುತ್ತದೆ. ವೈದ್ಯರು ಇದನ್ನು ಆಸ್‌ಗುಡ್–ಶ್ಲಾಟರ್ ಎಂದು ಕರೆಯುತ್ತಾರೆಂದು ನನಗೆ ತಿಳಿದದ್ದು ಬ್ಯಾಂಕಿನ ನೌಕರಿಗೆ ಸೇರಿ ಬೆಂಗಳೂರಿನಲ್ಲಿ ನೆಲೆಸಿದ ಮೇಲೆ. ಮೂಳೆಯ ತುದಿಯ ಈ ಬೆಳೆಯುವ ಭಾಗ ಹುಡುಗಿಯರಲ್ಲಿ ಸುಮಾರು 14ರಿಂದ 16ರ, ಹುಡುಗರಲ್ಲಿ 16ರಿಂದ 18ರ ವಯಸ್ಸಿಗೆ ಬಲಿತು ಮುಚ್ಚಿಕೊಳ್ಳುತ್ತದೆ. ಹಿರಿಯ ಪುರುಷರ ಗುಂಡು 7.26 ಕೆ.ಜಿ. ಇರುವಾಗ 18ರೊಳಗಿನ ಹುಡುಗರಿಗೆ 5, ಹುಡುಗಿಯರಿಗೆ 3 ಕೆ.ಜಿ. ಎಂದು ನಿಯಮವಿರುವುದು ಸುಮ್ಮನೆ ಅಲ್ಲ. ಪಕ್ಕದ ಕಾಲೇಜಿನ ದೊಡ್ಡ ಗುಂಡನ್ನು ಎತ್ತಿ ತೋರಿಸಲು ಹೋದ ನಮ್ಮವರಿಗೆ ಮಾಸ್ಟ್ರಿಂದ ಸಿಗುತ್ತಿದ್ದ ಬೈಗುಳವನ್ನು ಈ ಸಂಚಿಕೆಯಲ್ಲಿ ಅಚ್ಚು ಹಾಕಲು ಬರುವುದಿಲ್ಲ.

ಇನ್ನು ಐಸಿನ ಪ್ರಸಂಗ. ತಾಲೂಕು ಕ್ರೀಡಾಕೂಟದ ದಿನ ಮಾಸ್ಟ್ರು ಬೆಳಗಾಗುವ ಮೊದಲೇ ಮಲ್ಪೆಯ ಐಸ್ ಪ್ಲಾಂಟಿನಿಂದ ದೊಡ್ಡ ಗಡ್ಡೆಯೊಂದನ್ನು ಗೋಣಿಯಲ್ಲಿ ಸುತ್ತಿ ತರುತ್ತಿದ್ದರು. ಕಾಲು ಉಳುಕಿದವರಿಗೆ ಬಿಸಿ ನೀರು ಹಾಕಿ ನೀವುವುದೇ ರೂಢಿಯಾಗಿದ್ದಾಗ ಇವರು ಬಟ್ಟೆಯಲ್ಲಿ ಐಸಿಟ್ಟು ಕಟ್ಟಿ ಕಾಲೆತ್ತಿ ಮಲಗಿಸುವುದನ್ನು ನೋಡಿ ಬೇರೆ ಶಾಲೆಯವರು ನಗುತ್ತಿದ್ದರು. ಆ ವರ್ಷ ನಾವು ನಾಲ್ವರು ಆ ಗಡ್ಡೆಯ ಒಂದು ಮೂಲೆಯನ್ನು ಒಡೆದು ಲಿಂಬೆ ಶರಬತ್ತು ಮಾಡಿದೆವು. ಅಷ್ಟರಲ್ಲಿ ಯಾರೋ ಅದನ್ನು ಅತಿಥಿಗಳಿಗೆಂದು ತಿಳಿದು ವೇದಿಕೆಗೆ ಒಯ್ದರು. ಮುಖ್ಯ ಅತಿಥಿಗಳು ಒಂದು ಗುಟುಕು ಕುಡಿದು, ಲೋಟದೊಳಗೆ ಇಣುಕಿ, ಇದರಲ್ಲಿ ಬಂಗುಡೆ ಹಾಕಿದ್ದೀರಾ ಎಂದು ಕೇಳಿದರು. ಗೋಣಿ ಮೀನಿನದ್ದು! ನಮ್ಮನ್ನು ಮೈದಾನಕ್ಕೆ ಸುತ್ತು ಹಾಕಿಸುತ್ತಾರೆಂದು ಎಣಿಸಿದ್ದೆವು. ಆದರೆ ಓಟವನ್ನು ಶಿಕ್ಷೆಯಾಗಿ ಕೊಡುವುದು ಮಾಸ್ಟ್ರ ಕ್ರಮವೇ ಆಗಿರಲಿಲ್ಲ; ಶಿಕ್ಷೆಯೆಂದು ಓಡಿದವನು ಮುಂದೆ ಓಟವನ್ನು ದ್ವೇಷಿಸುತ್ತಾನೆ ಎನ್ನುತ್ತಿದ್ದರು. ಬದಲಿಗೆ ನಮ್ಮ ಕೈಗೆ ಹಾರೆ ಕೊಟ್ಟು, ಉದ್ದ ಜಿಗಿತದ ಹೊಂಡದ ಮರಳನ್ನು ಅಗೆದು ಸಡಿಲಿಸಿ ಚಿಪ್ಪು, ಕಲ್ಲು, ಮುಳ್ಳುಗಳನ್ನು ಆರಿಸುವ ಕೆಲಸವನ್ನು ಆ ಇಡೀ ತಿಂಗಳಿಗೆ ವಹಿಸಿದರು. ಗಟ್ಟಿಯಾದ ಮರಳಿನ ಮೇಲೆ ಬಿದ್ದ ಹಿಮ್ಮಡಿ ಏನಾಗುತ್ತದೆಂದು ಆಮೇಲೆ ನಮಗೆ ಯಾರೂ ಹೇಳಬೇಕಾಗಲಿಲ್ಲ.

ಹುಡುಗಿಯರ ಮಟ್ಟಿಗೆ ಈ ಕಾಳಜಿಯನ್ನು ಹೊತ್ತವರು ನಮ್ಮ ವಿಜ್ಞಾನದ ಟೀಚರ್. ಓಟದ ಹುಡುಗಿಯರ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಬಿಳಚಿಕೊಂಡಿದ್ದರೆ ರಕ್ತ ಪರೀಕ್ಷೆಗೆ ಕಳುಹಿಸಿ, ಹುರುಳಿ, ನುಗ್ಗೆಸೊಪ್ಪು, ಮೀನು ತಿನ್ನಬೇಕೆಂದು ತಾಯಂದಿರನ್ನು ಕರೆದು ಹೇಳುತ್ತಿದ್ದರು. ಮುಟ್ಟು ನಿಂತುಹೋಗಿದೆಯೇ ಎಂದೂ ಅವರು ಗುಟ್ಟಾಗಿ ವಿಚಾರಿಸುತ್ತಿದ್ದರೆಂದು ರಿಲೇ ತಂಡದಲ್ಲಿದ್ದ ಸಹಪಾಠಿ ಈಚಿನ ಸಮ್ಮಿಲನದಲ್ಲಿ ಹೇಳಿದಳು. ಹೊಟ್ಟೆಗೆ ಸಾಲದೆ ಹೆಚ್ಚು ಓಡುವ ಹುಡುಗಿಯರಲ್ಲಿ ಹಾಗಾಗುತ್ತದೆ, ಅದರ ಹಿಂದೆಯೇ ಮೂಳೆಯೂ ಸವೆಯುತ್ತದೆ. ಆ ಕಾಲದಲ್ಲಿ ಒಂದು ಹಳ್ಳಿಯ ಶಾಲೆಯಲ್ಲಿ ಇಂಥ ಪ್ರಶ್ನೆ ಕೇಳಿದವರಿದ್ದರೆಂಬುದು ನನಗೆ ಮಾಸ್ಟ್ರ ಐಸಿಗಿಂತ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಈಗಿನದನ್ನು ಕಂಡಾಗ ಬೇಸರವಾಗುತ್ತದೆ. ನನ್ನ ಮಗಳು ನಗರದ ಒಂದು ತರಬೇತಿ ಕೇಂದ್ರದಲ್ಲಿ ಓಡುತ್ತಿದ್ದಾಗ ಕಾಲು ನೋವೆಂದಳು. ಸ್ಪ್ರೇ ಹೊಡೆದು ಓಡಿಸಿದರು. ನೋವು ಮೂಳೆಯುದ್ದಕ್ಕೂ ಹರಡಿರದೆ ಬೆರಳಿಟ್ಟ ಒಂದೇ ಜಾಗದಲ್ಲಿದ್ದರೆ ಬಿರುಕನ್ನು ಶಂಕಿಸಬೇಕೆಂಬ ಮಾಸ್ಟ್ರ ಪಾಠ ನನಗೆ ನೆನಪಿದ್ದುದರಿಂದ ವೈದ್ಯರಲ್ಲಿಗೆ ಕರೆದೊಯ್ದೆ. ಮೊದಲ ಎಕ್ಸ್‌ರೇಯಲ್ಲಿ ಕಾಣದ ಬಿರುಕು ಎಂಆರ್‌ಐಯಲ್ಲಿ ಕಂಡಿತು. ಹೇಳಿಕೊಳ್ಳಬಾರದು, ಆದರೂ ವೈದ್ಯರು ನನ್ನನ್ನು ಹೊಗಳಿದರು. ಮುಂಜಾನೆ ಟ್ಯೂಷನ್, ಸಂಜೆ ಓಟ, ರಾತ್ರಿ ಹೋಂವರ್ಕ್ ಎಂದು ನಿದ್ದೆಗೆಟ್ಟ ಮಕ್ಕಳ ಮೈ ಯಾವಾಗ ಸುಧಾರಿಸಿಕೊಳ್ಳಬೇಕು? ಜನ್ಮದಿನಾಂಕ ತಿದ್ದಿಸಿ ಕಿರಿಯರ ಜೊತೆ ಓಡಿಸುವವರಿದ್ದಾರೆ, ಡಬ್ಬಿಯಲ್ಲಿ ಏನಿದೆಯೆಂದು ತಿಳಿಯದೆ ಪುಡಿ ಕುಡಿಸುವವರಿದ್ದಾರೆ. ಉದ್ದೀಪನ ಮದ್ದಿನ ಪರೀಕ್ಷೆಗೆ ವಯಸ್ಸಿನ ರಿಯಾಯಿತಿಯಿಲ್ಲ ಎಂಬುದು ಆ ತಂದೆತಾಯಿಗಳಿಗೆ ಗೊತ್ತಿಲ್ಲ. 2006ರಲ್ಲಿ ಆಗಿನ ಒರಿಸ್ಸಾದಲ್ಲಿ ನಾಲ್ಕು ವರ್ಷದ ಬುಧಿಯಾ ಸಿಂಗ್ ಪುರಿಯಿಂದ ಭುವನೇಶ್ವರದ ಕಡೆಗೆ ಸುಮಾರು 65 ಕಿ.ಮೀ. ಓಡಿದಾಗ ದೇಶದ ಬಹಳ ಮಂದಿ ಚಪ್ಪಾಳೆ ತಟ್ಟಿದರು. ಆಮೇಲೆ ಸರ್ಕಾರ ಅವನ ದೀರ್ಘ ಓಟವನ್ನು ತಡೆಯಿತು. ನಿವೃತ್ತರಾಗಿದ್ದ ಮಾಸ್ಟ್ರು ನನಗೆ ಫೋನು ಮಾಡಿ, ಒಳ್ಳೆಯದಾಯಿತು ಎಂದಷ್ಟೇ ಹೇಳಿ ಇಟ್ಟಿದ್ದರು.

ಅವರ ನೆನಪಿಗಾಗಿ ಶಾಲೆಗೆ ಸ್ವಾಗತ ಗೋಪುರ ಕಟ್ಟಿಸಬೇಕೆಂದು ಹಳೆ ವಿದ್ಯಾರ್ಥಿ ಸಂಘದಲ್ಲಿ ಮಾತು ನಡೆದಿದೆ. ನನ್ನ ಸಲಹೆ ಬೇರೆ: ಜಿಗಿತದ ಹೊಂಡಕ್ಕೆ ಹೊಸ ಮರಳು, ಕ್ರೀಡಾ ಕೊಠಡಿಗೆ ಒಂದು ಫ್ರಿಜ್, ಮಕ್ಕಳ ಕಾಲು ನೋಡಲು ವರ್ಷಕ್ಕೆರಡು ಸಲ ಬರುವ ವೈದ್ಯರ ಖರ್ಚು. ನಮ್ಮ ಕಡೆ ಈಗ ಮರಳಿನ ಪರವಾನಗಿ ಸಿಗುವುದೇ ಕಷ್ಟವೆಂದು ಬಲ್ಲೆ. ಆದ್ದರಿಂದ ಅರ್ಜಿಯನ್ನು ಮಳೆಗಾಲಕ್ಕೆ ಮುಂಚೆಯೇ ಕೊಡಬೇಕು. ಫ್ರಿಜ್ಜಿನ ಹಣ ನಾನು ಕೊಡುತ್ತೇನೆ.