ಹೆಸರಿಗೆ ಬದಲಿ ಪದವಿಲ್ಲ

ಹೊಸ ತಂಡದ ಮೊದಲ ಮೀಟಿಂಗ್. ಒಬ್ಬೊಬ್ಬರಾಗಿ ಹೆಸರು ಹೇಳುತ್ತಾ ಬರಬೇಕು. ಉಗ್ಗುವವರಿಗೆ ಕೆಲಸದ ದಿನದಲ್ಲಿ ಇದಕ್ಕಿಂತ ಕಷ್ಟದ ಗಳಿಗೆ ಕಡಿಮೆ. ಬೇರೆ ಪದ ಸಿಕ್ಕಿಹಾಕಿಕೊಂಡರೆ ಅದೇ ಅರ್ಥದ ಇನ್ನೊಂದನ್ನು ಹಾಕಿ ದಾಟಬಹುದು. ಹೆಸರಿಗೆ ಬದಲಿ ಎಲ್ಲಿಂದ ತರುವುದು? ಸರದಿ ಹತ್ತಿರವಾದಂತೆ ಎದೆ ಹೊಡೆದುಕೊಳ್ಳುತ್ತದೆ. ಕೊನೆಗೆ ಬಾಯಿ ತೆರೆದರೆ ಸದ್ದೇ ಹೊರಡದು. ಇದು ಬ್ಲಾಕ್. ‘ಕ-ಕ-ಕ’ ಎನ್ನುವುದು, ‘ಸ್ಸ್ಸ್’ ಎಂದು ಎಳೆಯುವುದು, ಹೀಗೆ ಗಂಟಲು ಕಟ್ಟಿದಂತೆ ನಿಲ್ಲುವುದು, ಮೂರೂ ಉಗ್ಗೇ. ಜನಕ್ಕೆ ಗೊತ್ತಿರುವುದು ಮೊದಲನೆಯದು ಮಾತ್ರ. ಹಾಗಾಗಿ ಮೌನ ಕಂಡ ಕೂಡಲೇ ಯಾರೋ ಒಬ್ಬರು, “ಏನ್ರೀ, ಹೆಸರೇ ಮರೆತುಹೋಯ್ತಾ?” ಎನ್ನುತ್ತಾರೆ. ಇನ್ನೊಬ್ಬರು, “ಗಾಬರಿ ಬೇಡ, ಉಸಿರೆಳೆದು ನಿಧಾನವಾಗಿ ಹೇಳಿ.” ಪಾಪ, ಒಳ್ಳೆಯ ಮನಸ್ಸಿನವರೇ. ಆದರೆ ಆ ಸಲಹೆಯಿಂದ ಎಲ್ಲರ ಕಣ್ಣೂ ಬಾಯಿಯ ಮೇಲೆ ನೆಡುತ್ತದೆ, ಬಿಗಿತ ಹೆಚ್ಚುತ್ತದೆ.

ಅದೇ ವ್ಯಕ್ತಿ ಮಧ್ಯಾಹ್ನ ಸಹೋದ್ಯೋಗಿಯ ಜೊತೆ ಹತ್ತು ನಿಮಿಷ ಸರಾಗವಾಗಿ ಮಾತಾಡುತ್ತಾರೆ. ಅನುಮಾನ ಹುಟ್ಟುವುದೇ ಇಲ್ಲಿ: “ಈಗ ಚೆನ್ನಾಗೇ ಮಾತಾಡಿದರಲ್ಲ, ಇದೆಂಥ ಅಂಗವೈಕಲ್ಯ?” ಉಗ್ಗು ಗಳಿಗೆಗೊಂದು ಥರ, ಕೇಳುವವರಿಗೊಂದು ಥರ. ಹಾಡುವಾಗ, ಎಲ್ಲರ ಜೊತೆ ದನಿಗೂಡಿಸಿ ಓದುವಾಗ ಬಹುಮಟ್ಟಿಗೆ ಕಾಣುವುದೇ ಇಲ್ಲ. ಅಳುಕು ಅದನ್ನು ಹೆಚ್ಚಿಸೀತು, ಹುಟ್ಟಿಸುವುದಿಲ್ಲ. ಮೂಲ ಇರುವುದು ವಂಶವಾಹಿಯಲ್ಲಿ, ಮಿದುಳು ಮಾತನ್ನು ಹೊಂದಿಸುವ ಬಗೆಯಲ್ಲಿ. ವಯಸ್ಕರಲ್ಲಿ ಸುಮಾರು ನೂರಕ್ಕೆ ಒಬ್ಬರಿಗಿದೆ. ಉಗ್ಗಿಗೆ ನಾವು ಬಳಸುವ ‘ತೊದಲು’ ಪದವೇ ಮಗುವಿನ ಮಾತನ್ನು ನೆನಪಿಸುತ್ತದಲ್ಲ, ದೊಡ್ಡವರನ್ನು ಹಗುರವಾಗಿ ಕಾಣುವುದಕ್ಕೆ ಅದೂ ಒಂದಿಷ್ಟು ಕಾರಣವಿರಬೇಕು.

ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆ ದೇಹದ ಕೊರತೆಯ ಜೊತೆಗೆ ಜನರ ಧೋರಣೆಯನ್ನೂ ಅಡ್ಡಿ ಎಂದೇ ಎಣಿಸುತ್ತದೆ. ಫೋನಿನಲ್ಲಿ ಇದು ಸ್ಪಷ್ಟ: ಎತ್ತಿದವರಿಂದ ಮೂರ್ನಾಲ್ಕು ಸೆಕೆಂಡ್ ದನಿ ಬರದಿದ್ದರೆ ಆಚೆಯವರು ಇಟ್ಟೇಬಿಡುತ್ತಾರೆ.

ಮಾಡಬೇಕಾದದ್ದು ಬಹಳವಿಲ್ಲ. ಮೇಜಿನ ಮೇಲೆ ಹೆಸರಿನ ಚೀಟಿ ಇಡಿ. ಪರಿಚಯ ಸಾಲಾಗಿ ಬೇಡ, ಬೇಕೆನಿಸಿದವರು ಮೊದಲು ಹೇಳಲಿ. ಸಂದರ್ಶನಕ್ಕೆ ಹೆಚ್ಚುವರಿ ಸಮಯ ಕೊಡಿ. ವಾಕ್ಯವನ್ನು ನೀವು ಮುಗಿಸಬೇಡಿ, ಊಹಿಸಿದ ಪದ ತಪ್ಪಾದರೆ ಅವರು ಮತ್ತೆ ಮೊದಲಿಂದ ಶುರುಮಾಡಬೇಕು. ವಾರ್ಷಿಕ ಮೌಲ್ಯಮಾಪನದಲ್ಲಿ ‘ಸಂವಹನ’ಕ್ಕೆ ಅಂಕ ಹಾಕುವಾಗ ಹೇಳಿದ ವಿಷಯ ನೋಡಿ, ವೇಗವನ್ನಲ್ಲ.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು ಕರುಣೆ. “ಅವರಿಗೆ ಯಾಕೆ ತೊಂದರೆ” ಎಂದು ಪ್ರೆಸೆಂಟೇಶನ್ ಬೇರೆಯವರಿಗೆ ಕೊಟ್ಟುಬಿಡುತ್ತಾರೆ, ಬಡ್ತಿಯೂ ಅದರ ಹಿಂದೆಯೇ ಹೋಗುತ್ತದೆ. ಕೊಡುವ ಮುಂಚೆ ಒಂದು ಮಾತು, ಒಬ್ಬರೇ ಇದ್ದಾಗ ಕೇಳಬಹುದಿತ್ತು: “ಇದನ್ನು ನೀವೇ ಮಾಡುತ್ತೀರಾ?”