ಆರನೇ ತಿಂಗಳಲ್ಲಿ ಬಾಗಿಲು ತಟ್ಟುವವರು ಯಾರು?

ತಾಯಿ ಮತ್ತು ಮಗುವಿನ ಪೌಷ್ಟಿಕತೆಯ ಕಾರ್ಯಕ್ರಮ ನಡೆಸುವವರ ಕೈಗೆ ತಿಂಗಳ ಕೊನೆಗೆ ಬರುವ ವರದಿ ಬಹುಪಾಲು ಹಂಚಿಕೆಯ ಲೆಕ್ಕವೇ. ಇಷ್ಟು ಮಾತ್ರೆ ಕೊಟ್ಟೆವು, ಇಷ್ಟು ಮಕ್ಕಳನ್ನು ತೂಗಿದೆವು, ಇಷ್ಟು ಸಭೆ ಮಾಡಿದೆವು. ಮಾತ್ರೆ ನುಂಗಿದರೇ, ತೂಕ ಸರಿಯಾಗಿತ್ತೇ, ಸಭೆ ಮುಗಿಸಿ ಮನೆಗೆ ಹೋದ ತಾಯಿ ಮಗುವಿನ ಬಟ್ಟಲಲ್ಲಿ ಏನಾದರೂ ಬದಲಿಸಿದಳೇ ಎಂಬುದು ಅದರಲ್ಲಿ ಸಿಗುವುದಿಲ್ಲ. ಮುಂದಾಳಿನ ಕೆಲಸ ಶುರುವಾಗುವುದೇ ಅಲ್ಲಿಂದ.

ಒಂದು ಸಣ್ಣ ಗುಣಾಕಾರ ಮಾಡಿ ನೋಡಿ. ಗರ್ಭಿಣಿಯರಲ್ಲಿ ನೂರಕ್ಕೆ 80 ಮಂದಿ ನೋಂದಣಿಯಾದರು, ಅವರಲ್ಲಿ ಶೇ. 80 ಮಂದಿಗೆ ಕಬ್ಬಿಣಾಂಶದ ಮಾತ್ರೆ ಸಿಕ್ಕಿತು, ಸಿಕ್ಕವರಲ್ಲಿ ಶೇ. 80 ಮಂದಿ ಸಮಯಕ್ಕೆ ಶುರು ಮಾಡಿದರು, ಅವರಲ್ಲೂ ಶೇ. 80 ಮಂದಿ ಕೊನೆಯವರೆಗೆ ನುಂಗಿದರು ಅಂದುಕೊಳ್ಳಿ. ಪ್ರತಿ ಹಂತವೂ ಚೆನ್ನಾಗಿಯೇ ಕಾಣುತ್ತದೆ. ಆದರೆ ಪೂರ್ತಿ ಪ್ರಯೋಜನ ಪಡೆದವರು ನೂರಕ್ಕೆ 41 ಮಂದಿ ಮಾತ್ರ. ಆದ್ದರಿಂದ ಒಟ್ಟು ಸಂಖ್ಯೆ ಕೇಳುವ ಬದಲು ಯಾವ ಮೆಟ್ಟಿಲಲ್ಲಿ ಹೆಚ್ಚು ಜನ ಜಾರುತ್ತಿದ್ದಾರೆ ಎಂದು ಕೇಳಬೇಕು. ಲೆಕ್ಕದ ಬುಡವೂ ಸರಿಯಿರಬೇಕು. ಕೇಂದ್ರಕ್ಕೆ ಬಂದವರನ್ನೇ ನೂರು ಎಂದು ಹಿಡಿದರೆ ಬಾರದವರು ಲೆಕ್ಕದಿಂದಲೇ ಮಾಯವಾಗುತ್ತಾರೆ.

ಕಬ್ಬಿಣಾಂಶದ ವಿಷಯ. ಗರ್ಭಿಣಿಗೆ ದಿನಕ್ಕೆ 30ರಿಂದ 60 ಮಿಲಿಗ್ರಾಂ ಕಬ್ಬಿಣಾಂಶ ಮತ್ತು 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಕೊಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು. ಅರ್ಧಕ್ಕೆ ನಿಲ್ಲಿಸುವವರೆಲ್ಲ ಉದಾಸೀನದಿಂದ ನಿಲ್ಲಿಸುತ್ತಾರೆ ಎಂದು ತೀರ್ಮಾನಿಸಿಬಿಡುವುದು ಅನ್ಯಾಯ. ಮಲ ಕಪ್ಪಗಾಗುತ್ತದೆ, ವಾಕರಿಕೆ ಬರಬಹುದು, ಮಲಬದ್ಧತೆ ಆಗಬಹುದು ಎಂದು ಮೊದಲ ದಿನವೇ ಯಾರೂ ಹೇಳಿರುವುದಿಲ್ಲ, ಆಕೆ ಹೆದರುತ್ತಾಳೆ. ರಾತ್ರಿ ಊಟದ ನಂತರ ತೆಗೆದುಕೊಂಡರೆ ವಾಕರಿಕೆ ಕಡಿಮೆ. ಚಹಾ, ಕಾಫಿ ಜೊತೆ ಬೇಡ. ಕ್ಯಾಲ್ಸಿಯಂ ಮಾತ್ರೆ ಕೊಟ್ಟಿದ್ದರೆ ಎರಡರ ನಡುವೆ ಕೆಲವು ಗಂಟೆಗಳ ಅಂತರ ಇರಲಿ. ಮುಂದಿನ ಭೇಟಿಯಲ್ಲಿ 'ತಗೊಂಡ್ರಾ?' ಎಂದು ಕೇಳಿದರೆ ಹೌದು ಎಂದೇ ಉತ್ತರ ಬರುತ್ತದೆ. 'ಮಾತ್ರೆಯ ಸ್ಟ್ರಿಪ್ ತೋರಿಸಮ್ಮ, ಎಷ್ಟು ಉಳಿದಿದೆ ನೋಡೋಣ' ಎಂದರೆ ನಿಜ ತಿಳಿಯುತ್ತದೆ, ಮಾತಿಗೂ ದಾರಿಯಾಗುತ್ತದೆ.

ದಾಸ್ತಾನಿನದು ಬರೀ ಅಂಕಗಣಿತ, ಆದರೂ ಕಾರ್ಯಕ್ರಮಗಳು ಎಡವುವುದು ಇಲ್ಲೇ. 120 ಗರ್ಭಿಣಿಯರಿಗೆ ತಿಂಗಳಿಗೆ 3,600 ಮಾತ್ರೆ ಬೇಕು. ಕೇಳಿದ ಮೇಲೆ ಸರಕು ಬರಲು ಎರಡು ತಿಂಗಳು ಹಿಡಿಯುತ್ತದೆ, ಮೇಲೊಂದು ತಿಂಗಳ ಮೀಸಲು ಇಟ್ಟುಕೊಳ್ಳಬೇಕು. ಹಾಗಾದರೆ 10,800ಕ್ಕೆ ಇಳಿದ ದಿನವೇ ಬೇಡಿಕೆ ಹೋಗಬೇಕು, ಖಾಲಿಯಾದ ದಿನ ಅಲ್ಲ.

ಅಳತೆಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಎರಡು ವರ್ಷದೊಳಗಿನ ಮಗುವಿನ ಉದ್ದವನ್ನು ಮಲಗಿಸಿ ಅಳೆಯುತ್ತಾರೆ, ಇದಕ್ಕೆ ಇಬ್ಬರು ಬೇಕೇ ಬೇಕು. ಒಬ್ಬರು ತಲೆಯನ್ನು ಹಲಗೆಗೆ ತಾಗಿಸಿ, ಕಣ್ಣು ನೇರ ಮೇಲೆ ನೋಡುವಂತೆ ಹಿಡಿಯಬೇಕು. ಇನ್ನೊಬ್ಬರು ಮಂಡಿ ಮೆಲ್ಲಗೆ ಒತ್ತಿ, ಅಂಗಾಲಿಗೆ ಜಾರುಹಲಗೆ ತಾಗಿಸಿ ಓದಬೇಕು. ಒಬ್ಬರೇ ಮಾಡಿದರೆ ಮಂಡಿ ಮಡಚಿಕೊಳ್ಳುತ್ತದೆ, ಮಗು ಕುಳ್ಳಾಗಿ ದಾಖಲಾಗುತ್ತದೆ. ಎರಡು ವರ್ಷ ತುಂಬಿದ ಮಗುವನ್ನು ನಿಲ್ಲಿಸಿಯೇ ಅಳೆಯಬೇಕು. ಅದನ್ನು ಮಲಗಿಸಿ ಅಳೆದಿದ್ದರೆ 0.7 ಸೆಂಟಿಮೀಟರ್ ಕಳೆಯಬೇಕು. ತೋಳಿನ ಸುತ್ತಳತೆಗೆ ಎಡತೋಳನ್ನು ಮಡಚಿ ಭುಜದ ತುದಿ ಮತ್ತು ಮೊಣಕೈ ನಡುವಿನ ಮಧ್ಯಬಿಂದು ಗುರುತಿಸಿ, ತೋಳು ಇಳಿಬಿಟ್ಟ ಮೇಲೆ ಅಳತೆಪಟ್ಟಿ ಸುತ್ತಿ. 6ರಿಂದ 59 ತಿಂಗಳ ಮಗುವಿನಲ್ಲಿ 115 ಮಿಲಿಮೀಟರಿಗಿಂತ ಕಡಿಮೆ ಬಂದರೆ ತೀವ್ರ ಅಪೌಷ್ಟಿಕತೆ. ಪಟ್ಟಿಯನ್ನು ಬಿಗಿದರೆ ಆರೋಗ್ಯವಂತ ಮಗುವೂ ಆ ಗೆರೆಯ ಕೆಳಗೆ ಬೀಳಬಹುದು. ಎರಡೂ ಪಾದಗಳಲ್ಲಿ ಹೆಬ್ಬೆರಳಿನಿಂದ ಒತ್ತಿದಾಗ ಗುಳಿ ಉಳಿಯುವ ಊತವಿದ್ದರೆ, ಅಳತೆ ಏನೇ ಹೇಳಲಿ, ಆ ಮಗುವನ್ನು ಚಿಕಿತ್ಸೆಗೆ ಕಳಿಸಲೇಬೇಕು.

ರಿಜಿಸ್ಟರಿನಲ್ಲಿ ಅಂದಾಜಿನ ತೂಕ ಹಿಡಿಯಲು ಸುಲಭ ದಾರಿಯಿದೆ. ಕೊನೆಯ ಅಂಕಿ ನೋಡಿ. ನಿಜವಾಗಿ ತೂಗಿದ್ದರೆ 0 ಮತ್ತು 5 ಸೇರಿ ಸುಮಾರು ಐದರಲ್ಲಿ ಒಂದು ಪಾಲು ಬರಬೇಕು. ಅರ್ಧದಷ್ಟು ತೂಕಗಳು ಹಾಗೆ ಮುಗಿದಿದ್ದರೆ ಕಾರ್ಯಕರ್ತೆಯನ್ನು ಗದರಿಸುವ ಮೊದಲು ತೂಕದ ಯಂತ್ರ ನೋಡಿ. ಎಷ್ಟೋ ಸಲ ಅದು ಕೆಟ್ಟು ತಿಂಗಳಾಗಿರುತ್ತದೆ, ಹೇಳಿದರೆ ಕೇಳುವವರು ಇರುವುದಿಲ್ಲ.

ಈಗ ಶೀರ್ಷಿಕೆಯ ಪ್ರಶ್ನೆ. ಆರು ತಿಂಗಳವರೆಗೆ ಎದೆಹಾಲು ಮಾತ್ರ, ನಂತರ ಎದೆಹಾಲಿನ ಜೊತೆಗೆ ಪೂರಕ ಆಹಾರ. ಇದು ಎಲ್ಲರಿಗೂ ಬಾಯಿಪಾಠ. ಆದರೆ ಬಹಳ ಕಡೆ ಲಸಿಕೆಯ ವೇಳಾಪಟ್ಟಿ 14ನೇ ವಾರಕ್ಕೆ ನಿಂತು ಮತ್ತೆ 9ನೇ ತಿಂಗಳಿಗೆ ಶುರುವಾಗುತ್ತದೆ. ತಾಯಿಗೆ ಸಲಹೆ ಅತಿ ಹೆಚ್ಚು ಬೇಕಾದ ಹೊತ್ತಿನಲ್ಲೇ ಆಕೆಯನ್ನು ಯಾರೂ ಭೇಟಿಯಾಗುವುದಿಲ್ಲ. ಐದೂವರೆ ತಿಂಗಳು ತುಂಬುವ ಮಕ್ಕಳ ಪಟ್ಟಿಯನ್ನು ಪ್ರತಿ ತಿಂಗಳ ಮೊದಲ ದಿನ ತೆಗೆದು ಮನೆಭೇಟಿಗೆ ಹಚ್ಚಿ. ಮಾಡುವುದು ಒಂದೇ ಹೊಸ ಕೆಲಸ ಎಂದಾದರೆ ಇದನ್ನೇ ಮಾಡಿ ಎನ್ನುತ್ತೇನೆ.

ಆ ಭೇಟಿಯಲ್ಲಿ ಹತ್ತು ಸಂದೇಶ ಬೇಡ, ಚಮಚ ಸಾಕು. 6ರಿಂದ 8 ತಿಂಗಳ ಮಗುವಿಗೆ ಎದೆಹಾಲಿನ ಹೊರತಾಗಿ ದಿನಕ್ಕೆ ಸುಮಾರು 200 ಕಿಲೋಕ್ಯಾಲೊರಿ ಬೇಕು. ಒಂದು ಹೊತ್ತಿಗೆ ಮಗು ತಿನ್ನುವುದು ಹೆಚ್ಚೆಂದರೆ ಅರ್ಧ ಬಟ್ಟಲು, ಅಂದರೆ 125 ಮಿಲಿಲೀಟರ್. ನೀರು ನೀರಾದ ಗಂಜಿಯ ಮಿಲಿಲೀಟರಿನಲ್ಲಿ 0.3 ಕಿಲೋಕ್ಯಾಲೊರಿ ಇದ್ದರೆ ಮೂರು ಹೊತ್ತು ತಿನ್ನಿಸಿದರೂ 115 ದಾಟುವುದಿಲ್ಲ. ಹೊಟ್ಟೆ ತುಂಬುತ್ತದೆ, ಪೋಷಣೆ ಆಗುವುದಿಲ್ಲ. ಗಟ್ಟಿಯಾಗಿ ಬೇಯಿಸಿ ಮಿಲಿಲೀಟರಿಗೆ 1 ಕಿಲೋಕ್ಯಾಲೊರಿ ಬರುವಂತೆ ಮಾಡಿದರೆ ಎರಡೇ ಹೊತ್ತಿಗೆ 250. ಚಮಚ ಓರೆ ಮಾಡಿದಾಗ ಹರಿದು ಬಿದ್ದರೆ ತೆಳು, ಅಂಟಿಕೊಂಡು ನಿಧಾನಕ್ಕೆ ಜಾರಿದರೆ ಸರಿ. ತಾಯಿಯ ಕೈಯಲ್ಲೇ ಮಾಡಿಸಿ, ವಾರದೊಳಗೆ ಇನ್ನೊಮ್ಮೆ ಹೋಗಿ ನೋಡಿ. ಗಟ್ಟಿತನ ಕೈಗೆ ಕುಳಿತ ಮೇಲೆ ವೈವಿಧ್ಯದ ಮಾತು: ಬೇಳೆಕಾಳು, ಮೊಟ್ಟೆ, ಸೊಪ್ಪು, ಹಣ್ಣು. ಎದೆಹಾಲೂ ಸೇರಿ ಎಂಟು ಆಹಾರ ಗುಂಪುಗಳಲ್ಲಿ ದಿನಕ್ಕೆ ಐದಾದರೂ ಮಗುವಿಗೆ ಸಿಗಬೇಕು.

ಹಣ ಕೊಟ್ಟವರು ವರ್ಷದ ಕೊನೆಗೆ ಕುಂಠಿತ ಬೆಳವಣಿಗೆ, ಅಂದರೆ ವಯಸ್ಸಿಗೆ ತಕ್ಕ ಎತ್ತರವಿಲ್ಲದ ಮಕ್ಕಳ ಪ್ರಮಾಣ, ಎಷ್ಟು ಇಳಿಯಿತು ಎಂದು ಕೇಳುತ್ತಾರೆ. ಅದಕ್ಕೆ ಒಪ್ಪಂದದ ದಿನವೇ ಉತ್ತರ ಕೊಟ್ಟುಬಿಡಿ. ಗರ್ಭ ಧರಿಸಿದ ದಿನದಿಂದ ಕಾರ್ಯಕ್ರಮದ ನೆರವು ಪಡೆದ ಮಗುವಿಗೆ ಎರಡು ವರ್ಷ ತುಂಬಲು 33 ತಿಂಗಳು ಬೇಕು. ಮೊದಲ ವರ್ಷ ಅಳೆಯುವ ಮೂರು, ನಾಲ್ಕು ವರ್ಷದ ಮಕ್ಕಳು ನೀವು ಬರುವ ಮೊದಲೇ ಹುಟ್ಟಿದವರು. ಆ ವರ್ಷ ಗರ್ಭದ 12 ವಾರದೊಳಗೆ ನೋಂದಣಿಯಾದವರು, ಸ್ಟ್ರಿಪ್ ನೋಡಿ ಎಣಿಸಿ ಖಾತರಿಯಾದ ಮಾತ್ರೆಗಳು, ಆರನೇ ತಿಂಗಳ ಭೇಟಿಗಳು, ಚಮಚದ ಪರೀಕ್ಷೆಯಲ್ಲಿ ಗೆದ್ದ ಬಟ್ಟಲುಗಳು, ಈ ನಾಲ್ಕನ್ನು ವರದಿಯಲ್ಲಿ ಬರೆದುಕೊಡಿ.